ಬೇಜಾರಾಗುವವರೆಗೆ ಕುಳಿತಿರುವ ಹಕ್ಕು

ಅನ್ಯಾಯವನ್ನು ಕಂಡಲ್ಲಿ ಅದನ್ನು ಹೆಸರಿಟ್ಟು ಕರೆಯಬೇಕೆಂಬುದು ನನ್ನ ಜೀವನದ ಸಿದ್ಧಾಂತ. ಹೆಸರಿಲ್ಲದ ಅನ್ಯಾಯ ಮನೆಗೆ ಹೊಕ್ಕ ಹೆಗ್ಗಣದ ಹಾಗೆ. ಎಲ್ಲೋ ಸದ್ದಾಗುತ್ತದೆ, ಏನೋ ಕಾಣೆಯಾಗುತ್ತದೆ, ಆದರೆ ಕಂಡೆನೆಂದು ಯಾರೂ ಒಪ್ಪಿಕೊಳ್ಳುವುದಿಲ್ಲ. ಆದ್ದರಿಂದ ರಾಜಾಜಿನಗರದ ಹೊಸ ಬಡಾವಣೆಗೆ ಬಂದು ನೆಲೆಸಿದ ಮೇಲೆ, ರಸ್ತೆಗೆ ಅಂಕಿ ಬಂದು ದೀಪ ಬಾರದಿದ್ದುದನ್ನು, ನಲ್ಲಿ ಬಂದು ನೀರು ಬಾರದಿದ್ದುದನ್ನು, ವಿದ್ಯಾವಂತರೆನಿಸಿಕೊಂಡವರು ವರದಕ್ಷಿಣೆ ಕೇಳಿದ್ದನ್ನು, ಒಂದೇ ಬಾವಿಗೆ ಎರಡು ಜಾತಿಯ ಹಗ್ಗ ಇಳಿಬಿಟ್ಟದ್ದನ್ನು ನಾನು ಬಹಿರಂಗವಾಗಿಯೇ ಖಂಡಿಸಿದ್ದೇನೆ. ಸಂಜೆ ನಾನು ಬೀದಿಯ ತಿರುವಿನಲ್ಲಿ ಕಾಣಿಸಿಕೊಂಡೊಡನೆ ಕೆಲವು ಮನೆಗಳ ಕಿಟಕಿಗಳು ಮುಚ್ಚಿಕೊಳ್ಳುತ್ತವೆ. ಅದು ಸೊಳ್ಳೆಗಾಗಿ ಎಂದು ನಾನು ಭಾವಿಸಿದ್ದೇನೆ.

ಹೀಗಿರುವಾಗ ಒಂದು ದಿನ ನಮ್ಮ ಮನೆಯ ಹೊರಕೋಣೆಯಲ್ಲೇ ನೆರೆಹೊರೆಯವರನ್ನು ಕೂರಿಸಿಕೊಂಡು ಗೃಹಿಣಿಯ ಕೊನೆಯಿಲ್ಲದ ದುಡಿಮೆಯನ್ನು ಕುರಿತು ಉಪನ್ಯಾಸ ಮಾಡಿದೆ. ಕಾರ್ಖಾನೆಯ ಕೂಲಿಗೆ ವಾರದ ರಜೆಯುಂಟು, ಗುಮಾಸ್ತನಿಗೆ ಹಬ್ಬದ ರಜೆಯುಂಟು, ಗಾಣದ ಎತ್ತಿಗೂ ಮೇವಿನ ವೇಳೆಯುಂಟು. ಅಡಿಗೆಮನೆಯ ಹೆಂಗಸಿಗೆ ಮಾತ್ರ ಯಾವ ರಜೆಯಿದೆ ಎಂದು ಕೇಳಿದಾಗ ಕೆಲವರು ನಿಟ್ಟುಸಿರು ಬಿಟ್ಟರು. ಎಲ್ಲರೂ ಹೋದ ಮೇಲೆ ನನ್ನ ಹೆಂಡತಿ ಕಮಲ ಲೋಟಗಳನ್ನು ಒಟ್ಟುಮಾಡುತ್ತ, "ಭಾಷಣ ತುಂಬ ಚೆನ್ನಾಗಿತ್ತಂತೆ," ಎಂದಳು.

"ಅಂತೆ ಅಂದ್ರೆ? ನೀನು ಕೇಳ್ಲಿಲ್ವಾ?"

"ಎಲ್ಲಿ ಕೇಳೋದು ರೀ? ಎರಡನೇ ಸಲ ಕಾಫಿಗೆ ನೀರಿಟ್ಟಿದ್ದೆ."

ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ಕೊಂಕಿದ್ದರೆ ವಾದಿಸಬಹುದಾಗಿತ್ತು. ನಿನಗೇನು ಬೇಕು ಕೇಳು, ಈ ಮನೆಯಿಂದಲೇ ಸುಧಾರಣೆ ಆರಂಭವಾಗಲಿ ಎಂದೆ. ಒಡವೆ ಕೇಳಿದರೆ ಆಭರಣದ ಮೋಹವೂ ಒಂದು ದಾಸ್ಯ ಎಂಬ ಮಾತು ನನ್ನ ನಾಲಿಗೆಯ ತುದಿಯಲ್ಲಿ ಸಿದ್ಧವಾಗಿತ್ತು. ಅವಳು ಲೋಟಗಳನ್ನು ಕೆಳಗಿಟ್ಟು, "ನಂಗೆ ಒಂದ್ಸಲ ಬೇಜಾರಾಗ್ಬೇಕು," ಎಂದಳು.

"ಬೇಜಾರೇ?"

"ಹ್ಞೂಂ. ಮಾಡೋಕೇನೂ ಇಲ್ದೆ ಕೂತು ಕೂತು, ಅಯ್ಯೋ ಸಾಕಪ್ಪಾ ಅನ್ನಿಸ್ಬೇಕು. ನಿಮಗೆಲ್ಲ ಭಾನುವಾರ ಮಧ್ಯಾಹ್ನ ಆಗತ್ತಲ್ಲ, ಹಾಗೆ. ಮದುವೆ ಆದ್ಮೇಲೆ ನಂಗೆ ಒಂದಿನಾನೂ ಆಗಿಲ್ಲ. ಹೇಗಿರತ್ತೆ ಅಂತ ನೋಡ್ಬೇಕು."

ನಾನು ಕಂಡ ಅನ್ಯಾಯಗಳಲ್ಲಿ ಇದಕ್ಕೆ ಇನ್ನೂ ಯಾರೂ ಹೆಸರಿಟ್ಟಿರಲಿಲ್ಲ. ಮನೆಯಲ್ಲಿದ್ದು ಅದನ್ನು ಸರಿಪಡಿಸುವುದು ಸಾಧ್ಯವಿರಲಿಲ್ಲ. ಹಾಲಿನವನು, ಮುಸುರೆ ಪಾತ್ರೆ, ಹೇಳದೆ ಬರುವ ನೆಂಟರು ಯಾರೂ ಒಪ್ಪುವವರಲ್ಲ. ತೌರಿಗೆ ಹೋದರೆ ಅಲ್ಲೂ ಒಲೆ. ಯಾತ್ರೆಗೆ ಹೋದರೆ ಮೂರು ಕಲ್ಲಿನ ಒಲೆ. ಆದ್ದರಿಂದ ಕಾಡಿನಂಥ ಜಾಗದಲ್ಲಿ ಡೇರೆ ಹಾಕಿ, ಶನಿವಾರ ಭಾನುವಾರ ಎರಡೂ ದಿನ ಗಂಡಸರೇ ಬೇಯಿಸಿ ಬಡಿಸುವ ಶಿಬಿರವೊಂದನ್ನು ನಡೆಸುವುದೆಂದು ನಿಶ್ಚಯಿಸಿದೆ. ಹೆಂಗಸರು ಸೌಟು ಮುಟ್ಟಕೂಡದು. ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರು, ದಾವಣಗೆರೆ ಕಡೆಯ ಶಾಂತಪ್ಪನವರು ಹೆಂಡತಿ ಗಿರಿಜಮ್ಮನೊಡನೆ ಬರಲು ಒಪ್ಪಿದರು. "ಅಡಿಗಿ ಅಂದ್ರ ಏನ್ರೀ? ಶಾಖ ಮತ್ತು ನೀರಿನ ಲೆಕ್ಕ, ಅಷ್ಟ," ಎಂದು ಅವರು ಅಭಯ ಕೊಟ್ಟರು. ಗಿರಿಜಮ್ಮ ಮಾತ್ರ ಒಂದು ಡಬ್ಬ ಚಕ್ಕುಲಿಯನ್ನು ಸೀರೆಗಳ ನಡುವೆ ಇಟ್ಟುಕೊಂಡದ್ದು ಅನಂತರ ತಿಳಿಯಿತು.

ಜಾಗವನ್ನು ಕೊಟ್ಟವನು ನನ್ನ ಹಳೆಯ ವಿದ್ಯಾರ್ಥಿ ಮರೀಗೌಡ. ಕೆಂಗೇರಿಯಿಂದಾಚೆ ಎತ್ತಿನ ಗಾಡಿಯಲ್ಲಿ ಬಹಳ ದೂರ ಹೋದರೆ ಅವನ ಊರು. "ನಮ್ ಜಮೀನಿನ ಹಿಂದುಗಡೆ ಒಂದು ಕಣಿವೆ ಐತೆ ಸಾರ್. ಡೇರೆ ಹಾಕ್ಕಳಿ, ಯಾರೂ ಕೇಳಾಕಿಲ್ಲ," ಎಂದಿದ್ದ. ಒಂದು ಕಣಿವೆ, ಅದರ ತೊರೆ, ಅದರ ಮೇಲಿನ ಆಕಾಶ ಒಬ್ಬ ಮನುಷ್ಯನ ಸ್ವತ್ತಾಗಿರುವುದು ನನ್ನ ಮನಸ್ಸಿಗೆ ಒಪ್ಪಿಗೆಯಾಗಲಿಲ್ಲ. ಈ ವಿಷಯವನ್ನು ಸ್ಥಳದಲ್ಲೇ ಅವನಿಗೆ ಸೌಮ್ಯವಾಗಿ ಮನಗಾಣಿಸಬೇಕೆಂದು ಅಂಶಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಂಡು ರೈಲು ಹತ್ತಿದೆ.

ಆದರೆ ಗಾಡಿ ಕೊನೆಯ ದಿಬ್ಬವನ್ನು ಹತ್ತಿ ಇಳಿದಾಗ ನನ್ನ ಅಂಶಗಳೆಲ್ಲ ಎಲ್ಲಿ ಹೋದವೋ ತಿಳಿಯದು. ಎರಡು ಕಲ್ಲುಬೆಟ್ಟಗಳು, ಮಾತು ಬಿಟ್ಟ ದಾಯಾದಿಗಳಂತೆ, ಎದುರುಬದುರಾಗಿ ಬಿಗಿದುಕೊಂಡು ಕುಳಿತಿದ್ದವು. ಅವೆರಡರ ನಡುವೆ, ಯಾರ ಪಕ್ಷವನ್ನೂ ವಹಿಸದೆ, ಒಂದು ತೊರೆ ಬಂಡೆಯಿಂದ ಬಂಡೆಗೆ ಇಳಿದು ಬರುತ್ತಿತ್ತು. ದಡದಲ್ಲಿ ಹೊಂಗೆ, ಈಚಲು. ಎತ್ತರದ ಬಂಡೆಯ ಕೆನ್ನೆಗೆ ಹೆಜ್ಜೇನಿನ ಹುಟ್ಟುಗಳು. ಕೆಳಗಿನ ಹೊಲದಿಂದ ಅವರೆಯ ಸೊಗಡು. ಬಿಸಿಲು ಪಡುವಣದ ಬೆಟ್ಟವನ್ನು ಬೆಳಗಿಸುತ್ತ ಮೂಡಣದ ಬೆಟ್ಟದ ನೆರಳನ್ನು ನೀರಿನವರೆಗೆ ಹಾಸಿತ್ತು. ಊರಿನ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ನೀವೆಲ್ಲ ಹಾಸಿಗೆ ಸುತ್ತಿಕೊಂಡು ಹೊರಡುತ್ತೀರಿ. ಕಮಲ ಯಾರಿಗೂ ಏನೂ ಹೇಳದೆ ಹೋಗಿ ಒಂದು ಚಪ್ಪಟೆ ಬಂಡೆಯ ಮೇಲೆ ಕುಳಿತು ಕಾಲನ್ನು ನೀರಿಗೆ ಇಳಿಬಿಟ್ಟಳು.

ಡೇರೆ ನಿಲ್ಲಿಸುವ ಕಥೆ ಬೇಡ. ಅದು ಕೊನೆಗೆ ನಿಂತಿತೆಂಬಷ್ಟು ಹೇಳಿದರೆ ಸಾಕು. ಮೂರು ಕಲ್ಲು ಹೂಡಿ ಹಸಿ ಸೌದೆಗೆ ಬೆಂಕಿ ಹಚ್ಚಿದೆವು. ಬೆಂಕಿಗಿಂತ ಮೊದಲು ಹೊಗೆ ಎದ್ದು, ಎರಡು ಬೆಟ್ಟಗಳ ನಡುವೆ ಕಂಬದಂತೆ ನಿಂತಿತು. ಶಾಂತಪ್ಪನವರು ಊದುಗೊಳವೆಯಿಂದ ಬಾಯಿ ತೆಗೆದು ಕೆಮ್ಮುವಷ್ಟರಲ್ಲಿ ಮರೀಗೌಡ ಹೊಲದ ಬದುವಿನ ಮೇಲೆ ಓಡುತ್ತ ಬಂದ.

"ಒಲೆ ಆರ್ಸಿ ಸಾರ್, ಆರ್ಸಿ! ಅವ್ವ ಮನೇಲಿ ಕೂಗಾಡ್ತಾವ್ಳೆ. ಹೊಗೆ ಊರಿಗೆಲ್ಲ ಕಾಣ್ತಾ ಐತೆ!"

"ಅದರಲ್ಲಿ ತಪ್ಪೇನು, ಮರೀಗೌಡ?"

"ಏನ್ ಸಾರ್ ಹಿಂಗಂತೀರಿ? ನಮ್ ಹೊಲಕ್ಕೆ ಬಂದೋರು ತಾವೇ ಒಲೆ ಹಚ್ಕಂಡ್ರೆ ನಮ್ಮನೆ ಒಲೆ ಆರೋಗೈತೆ ಅಂತ ಅರ್ಥ. ಆಗ್ಲೇ ಆಚೆ ಕೇರಿಯೋರು, ಏನ್ಲಾ ಗೌಡ, ಮನೇಲಿ ಹಿಟ್ಟಿಲ್ವಾ ಅಂತ ಕೇಳವ್ರೆ."

ಅವನ ಹಿಂದೆಯೇ ಅವನ ತಾಯಿ ಚಿಕ್ಕತಾಯಮ್ಮ ಬಂದರು. ಎತ್ತರದ ಆಳು, ಕೆಂಪು ಸೀರೆ, ಕೈಯಲ್ಲಿ ಕುಡುಗೋಲು. ಅವರ ಹಿಂದೆ ಸೊಸೆ ಹೊನ್ನಮ್ಮ. ಚಿಕ್ಕತಾಯಮ್ಮ ನಮ್ಮ ಒಲೆಯನ್ನು ನೋಡಿದರು, ನಮ್ಮ ಅಕ್ಕಿಯನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ಯಾಕ್ ಸ್ವಾಮಿ, ನಮ್ಮನೇಲಿ ನೀವು ಉಣ್ಣಾಕಿಲ್ವಾ?"

ಓದುಗರೇ, ನನ್ನ ಸ್ಥಿತಿಯನ್ನು ಊಹಿಸಿಕೊಳ್ಳಿ. ಪಂಕ್ತಿಭೇದದ ವಿರುದ್ಧ ನಾನು ಮಾತಾಡದ ಬೀದಿಯಿಲ್ಲ. ಅಂಥ ನನ್ನನ್ನು ಈ ತಾಯಿ, ತಮ್ಮ ಮನೆಯ ಅನ್ನ ಮೈಲಿಗೆಯೆಂದು ತಿಳಿದವನೆಂದು ಎಣಿಸಿದ್ದರು. ಜಾತಿಯೆಂಬುದು ಮನುಷ್ಯನು ಮನುಷ್ಯನಿಗೆ ಮಾಡಿದ ಅತ್ಯಂತ ಹಳೆಯ ಅವಮಾನ, ನಾವು ಯಾರ ಮನೆಯಲ್ಲಾದರೂ ಉಣ್ಣುತ್ತೇವೆ, ಉಣ್ಣುವುದನ್ನು ಹೆಮ್ಮೆಯೆಂದು ತಿಳಿಯುತ್ತೇವೆ ಎಂದು ಹೊಗೆಯ ನಡುವೆಯೇ ನಿಂತು ಹೇಳಿದೆ.

"ಹಂಗಾರೆ ಬನ್ನಿ ಮನೀಗೆ," ಎಂದರು ಚಿಕ್ಕತಾಯಮ್ಮ. ಮರೀಗೌಡ ಒಲೆಗೆ ನೀರು ಹೊಯ್ದ.

ಆಗ ನನಗೆ ಬಂಡೆಯ ಮೇಲಿದ್ದ ಕಮಲಳ ನೆನಪಾಯಿತು. ಮನೆಗೆ ಹೋದ ಮೇಲೆ ಹೆಂಗಸರು ಹೆಂಗಸರ ಕಡೆಗೇ ಹೋಗಬೇಕು. ಹೊನ್ನಮ್ಮ ಒಬ್ಬಳೇ ಅಷ್ಟು ಜನಕ್ಕೆ ಬೇಯಿಸುತ್ತಿರುವಾಗ ಕಮಲ ಕೈಕಟ್ಟಿ ಕೂರುವವಳಲ್ಲ. ಒಂದು ನ್ಯಾಯವನ್ನು ಎತ್ತಿಹಿಡಿಯಲು ಹೋಗಿ ಇನ್ನೊಂದನ್ನು ತೊರೆಗೆ ಬಿಟ್ಟಿದ್ದೆ. ಕಮಲ ಆಗಲೇ ಕಾಲನ್ನು ನೀರಿನಿಂದ ಎತ್ತಿ, ಒಂದೊಂದಾಗಿ, ಸೆರಗಿನಿಂದ ಒರೆಸಿಕೊಳ್ಳುತ್ತಿದ್ದಳು. ಸಭೆಗಳಲ್ಲಿ ನನಗೆ ಎದುರಾದ ಯಾವ ಪ್ರತಿಭಟನೆಯೂ ನನ್ನನ್ನು ಅಷ್ಟು ಕಲಕಿದ್ದಿಲ್ಲ.

ಚಿಕ್ಕತಾಯಮ್ಮನ ಕಣ್ಣಿಗೂ ಅದು ಬಿತ್ತು. "ಯಾಕವ್ವ, ಮೊಕ ಸಣ್ಣಗಾಯ್ತು?"

ನಾನು ಉತ್ತರ ಕೊಡಲು ಬಾಯಿ ತೆರೆದೆ. "ನೀವು ಸುಮ್ನಿರಿ, ನಾನೇ ಹೇಳ್ತೀನಿ," ಎಂದು ಕಮಲ ಎದ್ದು ಬಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು: ಎರಡು ದಿನ ಒಲೆ ಮುಟ್ಟದೆ ಇರುವ ಆಸೆ, ಗಂಡಸರೇ ಬೇಯಿಸುತ್ತೇವೆಂದು ಕೊಟ್ಟ ಮಾತು, ಬೇಜಾರಾಗುವವರೆಗೆ ಕೂರಬೇಕೆಂಬ ಹುಚ್ಚು. ನಾನಾಗಿದ್ದರೆ ಮುಕ್ಕಾಲು ಗಂಟೆ ತೆಗೆದುಕೊಳ್ಳುತ್ತಿದ್ದ ವಿಷಯವನ್ನು ಅವಳು ನಾಲ್ಕು ಮಾತಿನಲ್ಲಿ ಮುಗಿಸಿದಳು.

ಚಿಕ್ಕತಾಯಮ್ಮ ಬಂಡೆಯನ್ನೇ ನೋಡುತ್ತ ನಿಂತರು. "ಈ ಕಣಿವೆ ನಮ್ದೇ ಕಣವ್ವ," ಎಂದರು ನಿಧಾನವಾಗಿ. "ಮದ್ವೆ ಆಗಿ ಬಂದಾಗಿಂದ ಇಲ್ಲಿ ಸೌದೆ ಆಯ್ದಿವ್ನಿ, ಬಟ್ಟೆ ಒಗ್ದಿವ್ನಿ, ಎಮ್ಮೆ ತೊಳ್ದಿವ್ನಿ. ಆ ಬಂಡೆ ಮ್ಯಾಲೆ ಒಂದ್ ದಿನಾನೂ ಕೂತಿಲ್ಲ ನೋಡು."

ಕಣಿವೆ ಯಾರ ಸ್ವತ್ತೆಂಬ ನನ್ನ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕಿರಲಿಲ್ಲ. ಪಟ್ಟಾ ಇದ್ದವರಿಗೇ ಕೂರಲು ಪುರಸೊತ್ತಿರಲಿಲ್ಲ.

ಆಮೇಲೆ ಚಿಕ್ಕತಾಯಮ್ಮ ಕುಡುಗೋಲನ್ನು ಮಗನ ಕೈಗೆ ಕೊಟ್ಟು ತೀರ್ಪು ಹೇಳಿದರು. "ಹೊಗೆ ನಮ್ಮನೆ ಮ್ಯಾಲೇ ಏಳ್ಬೇಕು. ಊದೋರು ಯಾರಾದ್ರೆ ಊರಿಗೇನು? ಹೋಗಿ ಸ್ವಾಮಿ, ಒಲೆ ಪಕ್ಕದಲ್ಲೇ ಹಿಟ್ಟು, ಕಾಳು ಎಲ್ಲಾ ಅವೆ. ಮೂರ್ ಜನ ಗಂಡಸ್ರಿದೀರಿ. ನಾವು ಹೆಂಗಸ್ರು ಇಲ್ಲಿರ್ತೀವಿ."

"ಮೂರ್ ಜನಾನಾ? ಅವ್ವಾ, ನಾನ್ಯಾಕವ್ವ?" ಎಂದು ಮರೀಗೌಡ ಕಂಗಾಲಾದ.

"ಯಾಕ್ಲಾ, ಮೇಷ್ಟ್ರು ಹೇಳ್ಕೊಟ್ಟಿದ್ದು ಕಲಿಯಾಕಿಲ್ವಾ?"

ಹೊನ್ನಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು, ಗಂಡನ ಮುಖ ನೋಡದೆ, ನೆಟ್ಟಗೆ ಹೋಗಿ ಬಂಡೆಯ ಮೇಲೆ ಕುಳಿತುಬಿಟ್ಟಳು. ಗಿರಿಜಮ್ಮ ಚಕ್ಕುಲಿಯ ಡಬ್ಬ ತೆಗೆದರು.

ಮುದ್ದೆ ತೊಳಸುವುದನ್ನು ನೀವು ನೋಡಿದ್ದೀರಿ, ತೊಳಸಿದ್ದೀರಾ? ಕುದಿಯುವ ಎಸರಿಗೆ ಹಿಟ್ಟು ಬಿದ್ದ ಮೇಲೆ ಮಡಕೆ ಒಂದು ಕಡೆಗೆ, ಕೋಲು ಒಂದು ಕಡೆಗೆ, ಮನುಷ್ಯ ಮತ್ತೊಂದು ಕಡೆಗೆ ಹೋಗುತ್ತಾನೆ. ಮರೀಗೌಡ ಮಡಕೆ ಅದುಮಿ ಹಿಡಿದ, ನಾನು ತೊಳಸಿದೆ, ಶಾಂತಪ್ಪನವರು ಶಾಖದ ಲೆಕ್ಕ ನೋಡಿಕೊಂಡರು. ಗೌಡನ ಮನೆಯ ಬಾಗಿಲಲ್ಲಿ ಊರು ಸೇರಿತು. "ಏನ್ಲಾ ಗೌಡ, ಹೆಂಡ್ರು ತೌರಿಗೆ ಹೋದ್ಲಾ?" ಎಂದು ಒಬ್ಬ ಕೇಳಿದ. "ಇಲ್ಲ ಕಣ್ಲಾ, ಕಣಿವೆಗೆ ಹೋಗವ್ಳೆ. ನಿನ್ ಹೆಂಡ್ರೂ ಆಗ್ಲೇ ಅತ್ಲಾಗೆ ಹೋದ್ಲು, ನೋಡ್ಕ ಹೋಗು," ಎಂದ ಮರೀಗೌಡ, ಮಡಕೆ ಬಿಡದೆ. ಕೇಳಿದವನು ಮನೆಯ ಕಡೆ ಓಡಿದ. ಸುಧಾರಣೆ ಇಷ್ಟು ಬೇಗ ಹಬ್ಬುವುದನ್ನು ನಾನು ಬೇರೆಲ್ಲೂ ಕಂಡಿರಲಿಲ್ಲ.

ಮುದ್ದೆಯಲ್ಲಿ ಗಂಟುಗಳಿದ್ದವು. ಗಂಟುಗಳ ನಡುವೆ ಅಲ್ಲಲ್ಲಿ ಮುದ್ದೆಯಿತ್ತು ಎಂದರೂ ಸಲ್ಲುತ್ತದೆ. ನಾವು ಅದನ್ನು ಬುಟ್ಟಿಯಲ್ಲಿ ಹೊತ್ತು ತೊರೆಯ ಬಳಿಗೆ ಒಯ್ದೆವು. ಚಿಕ್ಕತಾಯಮ್ಮ ಒಂದು ತುತ್ತು ನುಂಗಿ ಕಣ್ಣು ಮುಚ್ಚಿದರು. ನಾನು ಕ್ಷಮೆ ಕೇಳಲು ಸಿದ್ಧನಾದೆ.

"ಗಂಟಿದ್ರೆ ಏನಂತೆ ಬುಡಿ ಸ್ವಾಮಿ," ಎಂದರು. "ಯಾರೋ ಮಾಡಿ ತಂದಿದ್ದು ಕೂತ್ಕಂಡು ಉಣ್ಣೋ ರುಚೀನೇ ಬ್ಯಾರೆ." ಆಮೇಲೆ ಕಣ್ಣು ತೆರೆದು, "ನಾಳೀಕೆ ಹಿತಕಿದವರೆ ಸಾರು ಮಾಡಿ," ಎಂದು ಸೇರಿಸಿದರು.

ಹಾಗೆ ಭಾನುವಾರ ಬೆಳಗಿನಿಂದ ನಾವು ಮೂವರೂ ನೆನೆದ ಅವರೆಕಾಳನ್ನು ಒಂದೊಂದಾಗಿ ಬೆರಳಲ್ಲಿ ಹಿತುಕುತ್ತ ಕುಳಿತೆವು. ಕಾಳು ಸಿಪ್ಪೆಯಿಂದ ಚಿಮ್ಮಿ ಪಾತ್ರೆಯೊಂದನ್ನು ಬಿಟ್ಟು ಎಲ್ಲ ಕಡೆಯೂ ಬೀಳುತ್ತಿತ್ತು. "ಇದಕ ಒಂದು ಯಂತ್ರ ಯಾಕ ಕಂಡುಹಿಡಿದಿಲ್ರೀ?" ಎಂದು ಶಾಂತಪ್ಪನವರು ಕೇಳಿದರು. ಹಿತುಕುವವರು ಗಂಡಸರಾಗಿದ್ದರೆ ಎಂದೋ ಕಂಡುಹಿಡಿಯುತ್ತಿದ್ದರು ಎಂದು ನಾನು ಉತ್ತರ ಕೊಟ್ಟೆ. ಈ ಮಾತನ್ನು ಈಗಲೂ ಸಮರ್ಥಿಸುತ್ತೇನೆ. ಹಿತ್ತಲ ಕಿಟಕಿಯಿಂದ ದೂರದ ಬಂಡೆ ಕಾಣುತ್ತಿತ್ತು. ಹೆಂಗಸರ ಸಂಖ್ಯೆ ಹೆಚ್ಚಿತ್ತು. ಚಿಕ್ಕತಾಯಮ್ಮ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ ನೀರಿನಲ್ಲಿ ಕಾಲು ಬಡಿಯುತ್ತಿದ್ದರು. ಕಮಲ ಅಂಗಾತ ಮಲಗಿ, ತಲೆಯ ಕೆಳಗೆ ಕೈಯಿಟ್ಟು, ಆಕಾಶ ನೋಡುತ್ತಿದ್ದಳು. ಅಷ್ಟು ಚೆಲುವಾದ ದೃಶ್ಯವನ್ನು ಆ ಕಣಿವೆ ಎಂದೂ ಕಂಡಿರಲಾರದು. ನಾನೂ ಕಂಡಿರಲಿಲ್ಲ. ಸಾರು ಸೀಯುವ ವಾಸನೆ ಬರುವವರೆಗೂ ನೋಡಿದೆ.

ನಾವು ರಾಜಾಜಿನಗರಕ್ಕೆ ಹಿಂದಿರುಗಿದಾಗ ದೀಪ ಹಚ್ಚುವ ಹೊತ್ತು. ನನ್ನ ತೋಳುಗಳು ನನ್ನವೆನ್ನಿಸುತ್ತಿರಲಿಲ್ಲ. ಕಮಲ ಒಳಗೆ ಬಾರದೆ ಜಗಲಿಯಲ್ಲೇ ಹಾಸಿಗೆಯ ಸುರುಳಿಯ ಮೇಲೆ ಕುಳಿತಳು.

"ಬೇಜಾರಾಯ್ತೇನು, ಕೊನೆಗೂ?" ಎಂದು ಕೇಳಿದೆ.

"ಇನ್ನೇನು ಆಗೋದ್ರಲ್ಲಿತ್ತು. ಅಷ್ಟರಲ್ಲಿ ಗಾಡಿ ಬಂತು, ಹೊರಡೋಣ ಅಂದ್ರಿ."

ನಾನು ಸೂಚ್ಯವಾಗಿ ಅಡಿಗೆಮನೆಯ ಕಡೆ ನೋಡಿದೆ. ಶಿಬಿರ ಮುಗಿಯಿತಲ್ಲ ಎಂದೆ.

"ಶಿಬಿರ ಮುಗೀತು. ಭಾನುವಾರ ಎಲ್ಲಿ ಮುಗೀತು? ಬೆಳಗಾಗೋವರೆಗೂ ಭಾನುವಾರವೇ. ಬೇಕಾದ್ರೆ ಪಂಚಾಂಗ ನೋಡಿ."

ಪಂಚಾಂಗದ ಮೂಢನಂಬಿಕೆಯನ್ನು ನಾನು ಖಂಡಿಸಿದವನು. ನಮ್ಮ ಮನೆಯಲ್ಲಿ ದಿನವನ್ನು ಗಡಿಯಾರದಿಂದ ಅಳೆಯುತ್ತೇವೆ ಎಂದು ಹೇಳಹೊರಟಾಗ, ಗಡಿಯಾರದ ಪ್ರಕಾರವೂ ಭಾನುವಾರ ಮಧ್ಯರಾತ್ರಿಯವರೆಗೆ ಇರುತ್ತದೆಂಬುದು ಹೊಳೆಯಿತು. ಧರ್ಮವೂ ವಿಜ್ಞಾನವೂ ಒಂದಾದ ಅಪರೂಪದ ಸಂದರ್ಭ. ಹೋಗಿ ಒಲೆಯ ಮುಂದೆ ಕುಕ್ಕರಿಸಿದೆ.

ಬೇಳೆ ಬೆಂದು, ಬಾಣಲೆಯಲ್ಲಿ ಸಾಸಿವೆ ಸಿಡಿಯುತ್ತಿದ್ದಾಗ ಎದುರು ಮನೆಯ ನಿವೃತ್ತ ಅಮಲ್ದಾರರ ಧ್ವನಿ ಜಗಲಿಯಲ್ಲಿ ಕೇಳಿಸಿತು. "ಮೇಷ್ಟ್ರು ಬಂದ್ರೇನಮ್ಮ? ನಲ್ಲಿ ಅರ್ಜಿ ವಿಷಯ ಮಾತಾಡ್ಬೇಕಿತ್ತು."

ನನ್ನ ಕಾಲು, ನನ್ನನ್ನು ಕೇಳದೆಯೇ, ಅಡಿಗೆಮನೆಯ ಬಾಗಿಲನ್ನು ನೂಕಿ ಮುಚ್ಚಿತು. "ಏನೋ ಬರೀತಾ ಇದೀನಿ ಸಾರ್! ನಾಳೆ ಸಿಕ್ತೀನಿ!" ಎಂದು ಒಳಗಿನಿಂದ ಕೂಗಿದೆ.

"ಬರೀತಿಲ್ಲ, ಸಾರಿಗೆ ಒಗ್ಗರಣೆ ಹಾಕ್ತಿದಾರೆ," ಎಂದಳು ಕಮಲ, ಬೀದಿಗೆಲ್ಲ ಕೇಳುವ ಹಾಗೆ. "ಒಳಗೆ ಬನ್ನಿ, ಊಟ ಮಾಡ್ಕೊಂಡೇ ಹೋಗಿ. ನಿಮ್ಮನೆಯೋರನ್ನೂ ಕರೀರಿ, ಪಾಪ, ಅವರೂ ಒಂದು ಹೊತ್ತು ಸುಮ್ನೆ ಕೂತ್ಕೊಳ್ಳಲಿ."

ಅಮಲ್ದಾರರು ಚಪ್ಪಲಿ ಬಿಡುವ ಸದ್ದಾಯಿತು. ಆಮೇಲೆ, "ಯಾವ ಸಾರಮ್ಮ?" ಎಂದು ಕೇಳಿದರು. ನಾನು ಬಾಗಿಲು ತೆಗೆದು, ಅಕ್ಕಿಯ ಡಬ್ಬವನ್ನು ಮತ್ತೆ ಕೆಳಗಿಳಿಸಿದೆ.