ವಿಜ್ಞಾನದ ಮೇಷ್ಟ್ರು ಬಳೆ ತೊಟ್ಟದ್ದು

"ದೇವರ ಡಿಸೈನಿನಲ್ಲಿ ತಪ್ಪಿದ್ದರೆ ತಿದ್ದುವುದಕ್ಕೆ ಈ ತೀರ್ಥಪ್ಪ ಇದ್ದಾನೆ!"

ಎಪ್ಪತ್ತೊಂಬತ್ತರ ಏಪ್ರಿಲ್‌ನಲ್ಲಿ, ಬೀರೂರಿನಿಂದ ಅಜ್ಜಂಪುರಕ್ಕೆ ಬರುವ ಪ್ಯಾಸೆಂಜರ್ ಗಾಡಿಯಲ್ಲಿ ಕೂತು ಹೀಗಂತ ಶಪಥ ಮಾಡಿದೆ. ಮನಸ್ಸಿನಲ್ಲೇ ಮಾಡಿದೆ ಬಿಡಿ. ಬಾಯಿಬಿಟ್ಟು ಹೇಳುವಂಥ ವಿಷಯವಲ್ಲ. ಈಗ ಹೇಳುವುದಕ್ಕೂ ನಾಚಿಕೆಯಾಗುತ್ತದೆ. ಆದರೂ ಹೇಳಿಬಿಡುತ್ತೇನೆ, ನೀವು ನಗುವುದಾದರೆ ಸ್ವಲ್ಪ ಆಚೆ ತಿರುಗಿಕೊಂಡು ನಗಿ.

ನಾನು ಅಜ್ಜಂಪುರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ, ಗಣಿತದ ಮೇಷ್ಟ್ರು. ಮದುವೆಯಾಗಿ ಎಂಟು ವರ್ಷ, ಮಕ್ಕಳಿಲ್ಲ. ಅಷ್ಟು ವರ್ಷವೂ ನೆಂಟರಿಷ್ಟರು ನೋಡಿದ್ದು ನನ್ನ ಹೆಂಡತಿ ಪಂಕಜಾಕ್ಷಿಯ ಹೊಟ್ಟೆಯನ್ನೇ. ಯಗಟಿಯಲ್ಲಿದ್ದ ನಮ್ಮಮ್ಮ ಅಲ್ಲಿನ ಕರಿಯಮ್ಮ ಅನ್ನೋ ಮುದುಕಿಯ ಕೈಲಿ ಅದೇನೋ ಬೇರು ಕುಟ್ಟಿಸಿ, ತಿಂಗಳಿಗೊಂದು ಪೊಟ್ಟಣ ಬಸ್ಸಿನಲ್ಲಿ ಕಳಿಸುತ್ತಿದ್ದಳು. ಅದರ ಕಷಾಯ ಕುದಿಯುವ ವಾಸನೆಗೆ ನಮ್ಮ ಬೆಕ್ಕು ಮನೆ ಬಿಟ್ಟು ಹೋಗಿ ಸ್ಟೇಷನ್ ಮಾಸ್ತರರ ಮನೆ ಸೇರಿಕೊಂಡಿತು. ಪಂಕಜಾಕ್ಷಿಗೆ ಹೋಗುವುದಕ್ಕೆ ಇನ್ನೊಂದು ಮನೆ ಇರಲಿಲ್ಲ. ಮೂಗು ಹಿಡಿದುಕೊಂಡು ಎರಡು ಹೊತ್ತೂ ಕುಡಿಯುತ್ತಿದ್ದಳು.

ನನಗೊಂದು ಸಣ್ಣ ಅನುಮಾನ. ನಮ್ಮ ತಾಲ್ಲೂಕು ಕೇಂದ್ರ ತರೀಕೆರೆಯಾದರೂ ಅಲ್ಲಿ ಎಲ್ಲರಿಗೂ ನನ್ನ ಮುಖ ಗೊತ್ತು. ಅದಕ್ಕೇ ಯಾರಿಗೂ ಹೇಳದೆ ಬೀರೂರಿನ ಒಬ್ಬ ಡಾಕ್ಟರ ಹತ್ತಿರ ಹೋಗಿ ಪರೀಕ್ಷೆ ಮಾಡಿಸಿಕೊಂಡೆ. ಅವರು ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದು, "ಮೇಷ್ಟ್ರೇ, ತೊಂದರೆ ನಿಮ್ಮ ಕಡೆಯಿಂದ. ವೀರ್ಯಾಣುಗಳ ಲೆಕ್ಕ ಬಹಳ ಕಡಿಮೆ ಇದೆ" ಅಂದರು.

ಹದಿನಾಲ್ಕು ವರ್ಷ ಊರ ಮಕ್ಕಳಿಗೆ ಬೀಜಗಣಿತ ಕಲಿಸಿದವನು ನನ್ನದೇ ಬೀಜಗಣಿತದಲ್ಲಿ ಫೇಲ್!

"ಗಾಬರಿಯಾಗಬೇಡಿ" ಅಂದರು ಡಾಕ್ಟರು. "ಆ ಚೀಲ ಮೈಯಿಂದಾಚೆ ಯಾಕೆ ನೇತಾಡ್ತದೆ? ತಂಪಿಗೆ! ನೀವು ದಿನಾ ಲಂಗೋಟಿ ಬಿಗಿದು ಅದನ್ನ ಬೇಯಿಸ್ತಾ ಇದೀರ. ಸಡಿಲ ಬಟ್ಟೆ ಹಾಕಿ, ತಣ್ಣೀರು ಹಾಕ್ಕೊಳ್ಳಿ, ಆರು ತಿಂಗಳು ಬಿಟ್ಟು ಬನ್ನಿ. ಮನೆಯವರಿಗೂ ಹೇಳಿ."

ರಿಪೋರ್ಟನ್ನು ಚೂರುಚೂರು ಮಾಡಿ ಹಳಿಯ ಮೇಲೆ ಎಸೆದು ಗಾಡಿ ಹತ್ತಿದೆ.

ಸಂಜೆ ಪಂಕಜಾಕ್ಷಿ ಕಷಾಯದ ಲೋಟ ಕೆಳಗಿಟ್ಟು ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತ, "ಎಲ್ಲೋಗಿದ್ರಿ?" ಅಂದಳು.

"ಆಫೀಸಿನ ಕೆಲಸ" ಅಂದೆ.

ಹೇಳುವುದಿದ್ದರೆ ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಮೊದಲು ಸರಿಮಾಡಿಕೊಂಡುಬಿಡೋಣ, ಆಮೇಲೆ ಹೇಳುವ ಅಗತ್ಯವೇ ಬರುವುದಿಲ್ಲ ಅನ್ನುವ ಹೇಡಿಯ ಲೆಕ್ಕ ನನ್ನದು!

ಸರಿಮಾಡುವುದು ಹೇಗೆ? ಸಡಿಲ ಬಟ್ಟೆಯಿಂದ ಒಂದಿಷ್ಟು ತಂಪು. ಚೀಲವೇ ಎರಡು ಇಂಚು ಕೆಳಗೆ ಜೋತುಬಿದ್ದರೆ? ಇನ್ನೂ ತಂಪು! ಎಳೆದರೆ ರಬ್ಬರು ಉದ್ದವಾಗುತ್ತದೆ, ಇದು ಯಾಕಾಗಬಾರದು? ಈ ಮಹಾ ಸಿದ್ಧಾಂತ ಹೊಳೆದ ಕ್ಷಣ ನನಗೆ ನಾನೇ ನಮಸ್ಕಾರ ಮಾಡಬೇಕು ಅನ್ನಿಸಿತು.

ಮೊದಲನೇ ಯಂತ್ರ: ಪಂಕಜಾಕ್ಷಿಯ ಹಳೇ ರವಿಕೆಯ ಮೆತ್ತನೆ ಪಟ್ಟಿ, ಅದಕ್ಕೆ ಕಟ್ಟಿದ ಪುಟ್ಟ ಮರಳಿನ ಗಂಟು. ಬಚ್ಚಲಲ್ಲಿ ದಿನಾ ಹತ್ತು ನಿಮಿಷ. 'ಸುರಕ್ಷಿತ, ಸುಖಕರ' ಅಂತ ನೋಟ್‌ಬುಕ್ಕಿನಲ್ಲಿ ಬರೆದೆ. ತಿಂಗಳಾದ ಮೇಲೆ ಸ್ಕೇಲಿಟ್ಟು ಅಳೆದರೆ ಒಂದು ನೂಲೂ ಮುಂದುವರಿದಿಲ್ಲ.

ಎರಡನೇ ಯಂತ್ರ: ಸೈಕಲ್ ಟ್ಯೂಬಿನ ತುಂಡು, ಅದಕ್ಕೆ ಸ್ಕೂಲಿನ ತಕ್ಕಡಿಯ ಇನ್ನೂರು ಗ್ರಾಮಿನ ತೂಕದ ಬಟ್ಟು. ಟ್ಯೂಬು ಜಾರಿತು. ಬಟ್ಟು ನೇರವಾಗಿ ಕಾಲಿನ ಹೆಬ್ಬೆರಳ ಮೇಲೆ!

"ಏನ್ರೀ ಅದು ಬಿದ್ದದ್ದು?" ಹೊರಗಿನಿಂದ ಕೂಗು.

"ಸೋಪು!"

"ಸೋಪು ಬಿದ್ರೆ ಅಷ್ಟು ಸದ್ದಾ?"

"ಹೊಸಾ ಸೋಪು ಕಣೇ!"

ಅಲ್ಲಿಗೆ ಬಿಟ್ಟಿದ್ದರೆ ಬರೀ ಹೆಬ್ಬೆರಳು ಊದಿ ಕಥೆ ಮುಗಿಯುತ್ತಿತ್ತು. ಆದರೆ ಆಗಸ್ಟಿನಲ್ಲಿ ಎಂಟನೇ ಕ್ಲಾಸಿಗೆ ಉಷ್ಣದ ಪಾಠ ಬಂತು. ಆ ಪ್ರಯೋಗ ನೀವೂ ನೋಡಿರಬಹುದು. ಒಂದು ಹಿತ್ತಾಳೆ ಬಳೆ, ಒಂದು ಹಿತ್ತಾಳೆ ಗುಂಡು. ಗುಂಡು ತಣ್ಣಗಿದ್ದಾಗ ಬಳೆಯೊಳಗೆ ಸಲೀಸಾಗಿ ತೂರುತ್ತದೆ. ಕಾಯಿಸಿದರೆ ಹಿಗ್ಗಿ ತೂರುವುದಿಲ್ಲ. ಪಾಠ ಮಾಡುತ್ತ ಮಾಡುತ್ತಲೇ ನನ್ನ ಕಣ್ಣು ಆ ಬಳೆಯ ಮೇಲೆ ಬಿತ್ತು. ಗಟ್ಟಿ, ನುಣುಪು, ಜಾರುವುದಿಲ್ಲ, ತೂಕವೂ ಅದರದ್ದೇ! ಶನಿವಾರ ಹಿಡಿಕೆಯಿಂದ ಕಳಚಿ ಜೇಬಿಗಿಳಿಸಿ ಮನೆಗೆ ತಂದೆ.

ಭಾನುವಾರ ಬೆಳಗ್ಗೆ ಪಂಕಜಾಕ್ಷಿ ಸಂತೆಗೆ ಹೋದಳು. ನಾನು ಬಳೆ ತೊಟ್ಟೆ. ಗಂಡಸಾಗಿ ಬಳೆ ತೊಟ್ಟೆ! ಹೇಗೋ ಒದ್ದಾಡಿ ಎಲ್ಲ ಒಳಗೆ ಹೋಯಿತು. ಹತ್ತು ನಿಮಿಷವಾದ ಮೇಲೆ ತೆಗೆಯಲು ಹೋದರೆ ಬರಲಿಲ್ಲ. ಎಳೆದೆ. ಎಳೆದಷ್ಟೂ ಊದಿತು. ಸೋಪು ಹಚ್ಚಿದೆ, ಕೊಬ್ಬರಿ ಎಣ್ಣೆ ಸುರಿದೆ. ಬೆವರು ಹಣೆಯಿಂದ ಇಳಿಯಿತೇ ಹೊರತು ಬಳೆ ಇಳಿಯಲಿಲ್ಲ. ತಣ್ಣೀರು ಸುರಿದರೆ ಬಳೆಯೂ ಕುಗ್ಗುತ್ತದಲ್ಲ ಅಂತ ಭಯ. ಬಳೆ ಹಿಗ್ಗಬೇಕಾದರೆ ಅದನ್ನು ಕಾಯಿಸಬೇಕು. ಈ ಸ್ಥಿತಿಯಲ್ಲಿ ಕಾಯಿಸುವುದು ಎಲ್ಲಿಂದ ಬಂತು! ನಾನು ಕಲಿಸಿದ ವಿಜ್ಞಾನವೆಲ್ಲ ನನ್ನನ್ನೇ ನೋಡಿ ಹಲ್ಲು ಕಿರಿಯಿತು.

ಅಷ್ಟರಲ್ಲಿ ಪಂಕಜಾಕ್ಷಿ ಬಂದಳು. "ಇನ್ನೂ ಬಚ್ಚಲಲ್ಲೇ ಇದೀರಾ? ಯಾಕ್ರೀ ನರಳ್ತಿದೀರ?"

"ಏನಿಲ್ಲ ಕಣೇ. ನೀನು ಹೋಗು."

"ಬಾಗ್ಲು ತೆಗೀತೀರೋ, ಪಕ್ಕದ್ಮನೆ ಭಾಗಮ್ಮನ್ನ ಕರೀಲೋ?"

ಆ ಕ್ಷಣವೇ ಚಿಲಕ ತೆಗೆದೆ.

ಅವಳು ನೋಡಿದಳು. ಕೈಲಿದ್ದ ಸೊಪ್ಪಿನ ಚೀಲವನ್ನು ನಿಧಾನವಾಗಿ ಕೆಳಗಿಟ್ಟು ಮತ್ತೊಮ್ಮೆ ನೋಡಿದಳು.

"ಇದೇನ್ರೀ?"

"ವಿಜ್ಞಾನ" ಅಂದೆ.

"ಇದಕ್ಕೆ ಹಂಗೂ ಒಂದು ಹೆಸ್ರಿದೆಯಾ?" ಅಂದಳು. ಆಮೇಲೆ ಬಣ್ಣ ಕಪ್ಪಿಡುತ್ತಿರುವುದು ಕಂಡು ಅವಳ ಮುಖ ಸಣ್ಣಗಾಯಿತು. "ಏಳ್ರೀ, ಪಂಚೆ ಉಟ್ಕಳಿ. ಬೀರೂರಲ್ಲಿ ಒಬ್ರು ಡಾಕ್ಟ್ರಿದಾರಂತೆ, ಒಳ್ಳೇ ಕೈಗುಣ ಅಂತಾರೆ."

ಬೀರೂರು! ಭೂಮಿಯ ಮೇಲೆ ಇಷ್ಟು ಊರಿರುವಾಗ!

"ತರೀಕೆರೆಗೆ ಹೋಗಣ ಕಣೇ" ಅಂದೆ.

"ತರೀಕೆರೆ ಬಸ್ಸು ಆಗ್ಲೇ ಹೋಯ್ತು. ಗಾಡಿ ಈಗ ಬತ್ತದೆ. ನಡೀರಿ."

ಗಾಡಿಯಲ್ಲಿ ನಾನು ಕಾಲಗಲಿಸಿ ಕಂಬಿ ಹಿಡಿದು ನಿಂತೆ. ನಮ್ಮ ಸ್ಕೂಲಿನ ಒಬ್ಬ ಹುಡುಗಿಯ ಅಪ್ಪ ಚೌಡಪ್ಪ, ತೆಂಗಿನಕಾಯಿ ವ್ಯಾಪಾರದವನು, ಅಲ್ಲೇ ಕೂತಿದ್ದವನು ಧಡಕ್ಕನೆ ಎದ್ದ.

"ಮೇಷ್ಟ್ರೇ, ಕೂತ್ಕಳಿ!"

"ಬೇಡ ಚೌಡಪ್ಪಾ, ನಿಂತ್ರೇ ಆರಾಮು."

"ಅದೆಂಗಾಯ್ತದೆ? ಅಕ್ಸರ ಕಲಿಸೋರು ನಿಂತು ನಾವು ಕೂತ್ರೆ ಪಾಪ ಬತ್ತದೆ" ಅನ್ನುತ್ತ ತೆಂಗಿನ ಮೂಟೆ ಎತ್ತುವ ಆ ಕೈಗಳಿಂದ ನನ್ನ ಎರಡೂ ಭುಜ ಹಿಡಿದು ಹಲಗೆಯ ಮೇಲೆ ಒತ್ತಿ ಕೂರಿಸಿಯೇಬಿಟ್ಟ!

ನನ್ನ ಕೂಗಿಗೆ ಡ್ರೈವರು ತನ್ನ ಇಂಜಿನ್ನೇ ಸೀಟಿ ಹಾಕಿತು ಅಂದುಕೊಂಡಿರಬೇಕು. ಪಂಕಜಾಕ್ಷಿ ಚೌಡಪ್ಪನಿಗೆ, "ಕುರ ಆಗಿದೆ ಕಣಣ್ಣ" ಅಂದಳು. ನನ್ನ ಮಾನ ಮುಚ್ಚುವುದಕ್ಕೆ ಅವಳು ಎರಡನೇ ಯೋಚನೆ ಮಾಡಲಿಲ್ಲ. ಬಳೆಗಿಂತ ಹೆಚ್ಚು ಬಿಗಿಯಾಗಿ ಆ ಮಾತೇ ನನ್ನನ್ನು ಹಿಡಿಯಿತು.

ಡಾಕ್ಟರು ನೋಡಿದರು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಕಾಂಪೌಂಡರನ್ನು ಹಿಂದಿನ ಬೀದಿಗೆ ಓಡಿಸಿದರು. ಐದು ನಿಮಿಷಕ್ಕೆ ರೈಲ್ವೆ ಫಿಟ್ಟರ್ ಬೀರಯ್ಯ ಕಬ್ಬಿಣ ಕೊಯ್ಯುವ ಗರಗಸದ ಸಮೇತ ಹಾಜರಾದ. ಗಾಡಿಯ ಬೋಲ್ಟು ಬಿಟ್ಟರೆ ಬೇರೇನೂ ಕೊಯ್ದವನಲ್ಲ. "ಅಲ್ಲಾಡ್ಬೇಡಿ ಸ್ವಾಮಿ" ಅಂದ. ಅಲ್ಲಾಡುವ ಧೈರ್ಯ ಯಾರಿಗಿತ್ತು!

ಚರ್ಮಕ್ಕೂ ಬಳೆಗೂ ನಡುವೆ ಡಾಕ್ಟರು ಒಂದು ತಗಡಿನ ಪಟ್ಟಿ ತೂರಿಸಿ ಹಿಡಿದರು. ಗರಗಸ ಆಡಿದಂತೆ ಹಿತ್ತಾಳೆ ಬಿಸಿಯಾಗುತ್ತದಲ್ಲ, ಅದಕ್ಕೆ ಪಂಕಜಾಕ್ಷಿ ಚೊಂಬಿನಿಂದ ಸಣ್ಣಗೆ ನೀರು ಬಿಡುತ್ತಿದ್ದಳು. ನಾನು ಕಣ್ಣು ಮುಚ್ಚಿಕೊಂಡು, ಡಾಕ್ಟರಿಗೆ ನನ್ನ ಗುರುತು ಸಿಗದಿರಲಿ ಅಂತ ಕುಲದೈವಕ್ಕೆಲ್ಲ ಮೊರೆಯಿಟ್ಟೆ.

"ಏನು ಮೇಷ್ಟ್ರೇ" ಅಂದರು ಡಾಕ್ಟರು, "ನಾನು ಸಡಿಲ ಮಾಡಿ ಅಂದ್ರೆ ನೀವು ಬಿಗಿ ಮಾಡ್ಕೊಂಡು ಬಂದಿದೀರಲ್ಲ!"

"ಯಾವಾಗ ಅಂದ್ರಿ ಡಾಕ್ಟ್ರೇ?" ಪಂಕಜಾಕ್ಷಿಯ ಧ್ವನಿ.

"ಏಪ್ರಿಲ್‌ನಲ್ಲೇ. ಮಕ್ಕಳಾಗದೇ ಇರೋದು ಇವರ ಕಡೆಯಿಂದ ಅಂತ ರಿಪೋರ್ಟ್ ಕೊಟ್ಟಿದ್ನಲ್ಲಮ್ಮ. ಹೇಳಿಲ್ವಾ?"

ನೀರು ನಿಂತಿತು.

ಗರಗಸ ಆಡುತ್ತಲೇ ಇತ್ತು. ಬಳೆ ಬಿಸಿಯಾಯಿತು, ಇನ್ನೂ ಬಿಸಿಯಾಯಿತು. ನಾನು ಹಲ್ಲು ಕಚ್ಚಿ ಸುಮ್ಮನಿದ್ದೆ. ನೀರು ಕೇಳುವುದಕ್ಕೆ ಯಾವ ಮುಖವಿತ್ತು ನನಗೆ?

"ಅಮ್ಮಾ, ನೀರು!" ಬೀರಯ್ಯ ಕೂಗಿದ.

ಕಣ್ಣು ತೆರೆದೆ. ಅವಳು ಚೊಂಬು ಹಿಡಿದು ನನ್ನನ್ನೇ ನೋಡುತ್ತಿದ್ದಳು. "ಏಪ್ರಿಲ್ಲು... ಈಗ ಆಗಸ್ಟು" ಅಂದಳು. ಅಷ್ಟೇ. ಆಮೇಲೆ ಚೊಂಬು ಬಗ್ಗಿಸಿದಳು.

ಬಳೆ ಎರಡು ತುಂಡಾಗಿ ಕೆಳಗೆ ಬಿತ್ತು. ಬೀರಯ್ಯ ಎತ್ತಿಕೊಂಡು, "ಬೆಸುಗೆ ಹಾಕ್ಕೊಡ್ಲಾ ಸ್ವಾಮಿ?" ಅಂತ ಮುಗ್ಧವಾಗಿ ಕೇಳಿದ. ಡಾಕ್ಟರು ಮುಲಾಮು ಹಚ್ಚಿ, "ಗಂಡಾಂತರ ತಪ್ಪಿತು. ಇನ್ನರ್ಧ ದಿನ ತಡ ಆಗಿದ್ರೆ ಕೊಯ್ಯೋದು ಬಳೆ ಆಗಿರ್ತಿರಲಿಲ್ಲ. ಇನ್ಮೇಲೆ ಏನೂ ಕಟ್ಟಬೇಡಿ, ಎಳೀಬೇಡಿ. ಸೆಕೆಗೆ ಅದೇ ಕೆಳಗಿಳಿಯುತ್ತೆ, ಚಳಿಗೆ ಅದೇ ಮೇಲೇರುತ್ತೆ. ವಿಜ್ಞಾನ ನಿಮಗಿಂತ ಅದಕ್ಕೇ ಚೆನ್ನಾಗಿ ಗೊತ್ತು!" ಅಂದರು.

ಬೀರೂರು ಸ್ಟೇಷನ್ನಿನಲ್ಲಿ ಅವಳು ಗಾಡಿಗೆ ಕಾಯುತ್ತ ಬೆಂಚಿನ ಮೇಲೆ ಕೂತಳು. "ತಪ್ಪಾಯ್ತು ಕಣೇ" ಅಂತ ಮೂರು ಸಲ ಅಂದೆ. ಮೂರು ಸಲವೂ ಅವಳು ಹಳಿಯ ಕಡೆಗೇ ನೋಡಿದಳು. ಕೊನೆಗೆ ಎದ್ದು ಹೋಗಿ ಪ್ಲಾಟ್‌ಫಾರಂ ಅಂಗಡಿಯಿಂದ ಒಂದು ಇನ್‌ಲ್ಯಾಂಡ್ ಕಾಗದ ತಂದು ನನ್ನ ಮುಂದೆ ಹಿಡಿದಳು.

"ನಿಮ್ಮಮ್ಮಂಗೆ ಬರೀರಿ."

ಕೂರಲಾಗದೆ ತೂಕದ ಯಂತ್ರದ ಮೇಲೆ ಕಾಗದವಿಟ್ಟುಕೊಂಡು ನಿಂತೇ ಬರೆದೆ. 'ಅಮ್ಮನಿಗೆ ತೀರ್ಥಪ್ಪನ ನಮಸ್ಕಾರಗಳು. ಇನ್ನು ಮುಂದೆ ಪುಡಿ ಕಳಿಸಬೇಡ. ನಮ್ಮಿಬ್ಬರಲ್ಲಿ ಸ್ವಲ್ಪ ತೊಂದರೆ ಇದೆಯೆಂದು ಡಾಕ್ಟರು...'

ಅವಳು ಬಗ್ಗಿ ಓದಿದಳು. "'ನಮ್ಮಿಬ್ಬರಲ್ಲಿ' ಅನ್ನೋದು ಹೊಡೆದಾಕಿ. 'ನನ್ನಲ್ಲಿ' ಅಂತ ಬರೀರಿ."

ಬರೆದೆ.

"'ಸ್ವಲ್ಪ' ಅನ್ನೋದ್ನೂ ಹೊಡೆದಾಕಿ."

ಅದನ್ನೂ ಹೊಡೆದುಹಾಕಿದೆ. ಅಂಟಿಸುವ ಹೊತ್ತಿಗೆ ಥಟ್ಟನೆ ನೆನಪಾಯಿತು. "ಲೇ, ಅಮ್ಮಂಗೆ ಓದಕ್ಕೆ ಬರಲ್ಲ ಕಣೇ! ಪೋಸ್ಟ್‌ಮ್ಯಾನು ಜಗಲಿ ಮೇಲೆ ನಿಂತು ಗಟ್ಟಿಯಾಗಿ ಓದಿ ಹೇಳ್ತಾನೆ. ಇಡೀ ಯಗಟಿ ಕೇಳಿಸ್ಕೊಳ್ತದೆ!"

"ಹೌದಾ?" ಅಂದಳು ಪಂಕಜಾಕ್ಷಿ. ಬೆಳಗಿನಿಂದ ಮೊದಲ ಸಲ ಅವಳ ತುಟಿಯಂಚಿನಲ್ಲಿ ನಗು ಕಂಡಿತು. "ನೀವು ಕಾಗದದಲ್ಲಿ ಬರೆದ ನನ್ನ ಹೊಟ್ಟೆ ವಿಷಯಾನೂ ಎಂಟು ವರ್ಷದಿಂದ ಅವನೇ ಅಲ್ವಾ ಗಟ್ಟಿಯಾಗಿ ಓದಿದ್ದು? ತಗೀರಿ, ಇನ್ನೊಂದು ಸಲ ಅಕ್ಷರ ದಪ್ಪಗೆ ತಿದ್ದಿ. ಪಾಪ, ಅವನಿಗೆ ಎಲ್ಲೂ ತಡವರಿಸೋ ಹಾಗೆ ಆಗಬಾರದು."