ಬೀಗ ಹಾಕಿದ ಹನ್ನೊಂದು ಮನೆಗಳು

ಎರಡು ಭಾಷೆ ಬಲ್ಲವನಿಗೆ ಎರಡು ಪಟ್ಟು ಕೆಲಸ, ಪಗಾರ ಮಾತ್ರ ಒಂದೇ. ಇದು ನಾನು ಎಲ್ಲೂ ಓದಿದ ಮಾತಲ್ಲ, ಅನುಭವಿಸಿದ್ದು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಹೆಂಡತಿಯ ಜೊತೆ ಜಗಳ ಬಂದರೆ ಎರಡೂ. ಹೀಗೆ ಬದುಕುವ ನಮ್ಮ ಗಡಿಭಾಗದಲ್ಲಿ ಸರಕಾರಕ್ಕೆ ಯಾರನ್ನು ಏನು ಕೇಳಬೇಕೆನಿಸಿದರೂ, ಆ ಮಾಸ್ತರರಿಗೆ ಕಾನಡಿ ಬರುತ್ತದೆ, ಅವರನ್ನೇ ಕಳಿಸಿ ಎಂದು ಅಪ್ಪಣೆ ಹೊರಡುತ್ತದೆ. ಜನಗಣತಿ ಮಾಡಿದ್ದೇನೆ, ಚುನಾವಣೆ ಮಾಡಿದ್ದೇನೆ. ಒಮ್ಮೆ ದನಗಳ ಲಸಿಕೆಗೂ ಹೋಗಿದ್ದೆ. ಅಲ್ಲಿ ಯಾರಿಗೆ ಯಾವ ಭಾಷೆ ಬೇಕಿತ್ತೋ ನನಗೆ ಇಂದಿಗೂ ತಿಳಿದಿಲ್ಲ.

ಹೋದ ವರ್ಷ ಬಂದ ಕೆಲಸ ಸ್ವಲ್ಪ ದೊಡ್ಡದು. ನಮ್ಮ ಊರು ಮಹಾರಾಷ್ಟ್ರದ ಉದಗೀರದಿಂದ ಅರ್ಧ ತಾಸಿನ ದಾರಿ; ಹೆಸರು ಹೇಳಿದರೆ ಕಚೇರಿಯ ಸಾಹೇಬರು ಬೇಸರ ಮಾಡಿಕೊಂಡಾರು. ಅಲ್ಲಿ ಬಡವರಿಗೆಂದು ಸರಕಾರ ಹಿಂದೆಂದೋ ಕಟ್ಟಿಸಿಕೊಟ್ಟ ಸಾಲುಮನೆಗಳ ಓಣಿಯೊಂದಿದೆ. ಮಳೆ ಬಂದರೆ ಒಳಗೆ ಹೆಚ್ಚು ಸುರಿಯುತ್ತದೋ ಹೊರಗೋ ಎಂದು ಪಂದ್ಯ ಕಟ್ಟಬಹುದಾದ ಮನೆಗಳು. ಅವನ್ನು ಕೆಡವಿ ಅಂತಸ್ತಿನ ಕಟ್ಟಡ ಕಟ್ಟಿ, ಯಾರಿಗೆ ಯಾವ ಮನೆ ಎಂಬುದನ್ನು ಚೀಟಿ ಎತ್ತಿ ಹಂಚುವುದೆಂದು ಯೋಜನೆ. ಅದಕ್ಕೆ ಮೊದಲು ಮನೆಮನೆಗೆ ಹೋಗಿ ಕೇಳಬೇಕು. ಫಾರಂನಲ್ಲಿ ಎರಡೇ ಚೌಕ: ತಕರಾರಿದೆ, ತಕರಾರಿಲ್ಲ. ಮನೆಗೆ ಬೀಗ ಹಾಕಿದ್ದರೆ ಏನು ಮಾಡಬೇಕೆಂದು ಕೇಳಿದೆ. ಬೀಗವಿದ್ದರೆ ತಕರಾರಿಲ್ಲ ಎಂದೇ ಬರೆದುಕೊಳ್ಳಿ ಎಂದರು ಸಾಹೇಬರು. ಎಂಥ ಅನುಕೂಲದ ಕಾಯ್ದೆ ಎಂದು ಒಳಗೊಳಗೇ ಮೆಚ್ಚಿಕೊಂಡೆ.

ಹೋದ ದಿನ ಓಣಿಯವರು ನನ್ನನ್ನು ಹೊಸ ಅಳಿಯನಂತೆ ನಡೆಸಿಕೊಂಡರು. ನಮ್ಮ ಕಡೆ ಮನೆಗೆ ಬಂದವರನ್ನು ಬರಿಬಾಯಲ್ಲಿ ಕಳಿಸುವ ಪದ್ಧತಿಯಿಲ್ಲ. ಹದಿನೇಳು ಮನೆ, ಹದಿನೇಳು ಚಹಾ. ಚಹಾಕ್ಕೆ ಒಲ್ಲೆ ಎನ್ನುವುದು ನನ್ನ ಜಾತಕದಲ್ಲೇ ಇಲ್ಲ. ಕುಡಿಯುತ್ತ ನಾನು ಯೋಜನೆಯ ಗುಣಗಾನ ಮಾಡಿದೆ, ಅವರು ತಲೆಯಾಡಿಸಿದರು, ಟಿಕ್ ಹಾಕಿದೆ. ಉಳಿದ ಹನ್ನೊಂದು ಮನೆಗಳ ಬಾಗಿಲು ಮುಚ್ಚಿತ್ತು. ದುಡಿಯಲು ಹೋಗಿರಬೇಕೆಂದು 'ಬೀಗ' ಎಂದು ಬರೆದೆ. ನಿಜವಾಗಿಯೂ ಬೀಗವಿದೆಯೋ ಎಂದು ಬಗ್ಗಿ ನೋಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಹದಿನೇಳು ಚಹಾ ಒಳಗೆ ಹೋದವನು ಹುಡುಕುವ ಬಾಗಿಲೇ ಬೇರೆ.

ಎರಡು ದಿನ ಬಿಟ್ಟು ಸಂತೆಯಲ್ಲಿ ಆ ಓಣಿಯ ನೀಲಮ್ಮ ಸಿಕ್ಕಳು. ಕಾಯಿಪಲ್ಲೆ ಮಾರುವಾಕೆ, ಮಾತಿನಲ್ಲಿ ಯಾರ ಮುಲಾಜೂ ಇಲ್ಲ.

"ಮಾಸ್ತರ, ಗಂಗವ್ವಾಯಿ ಮನಿಗಿ ಬೀಗ, ತಕರಾರಿಲ್ಲ ಅಂತ ಬರದೀರಂತಲ್ಲ?"

"ಬಾಗಲಾ ಹಾಕಿತ್ತಲ್ಲವಾ."

"ಹಾಕಿತ್ತು ಖರೆ. ಆಕಿ ಒಳಗೇ ಕುಂತಿದ್ಳು. ಹನ್ನೊಂದೂ ಮನ್ಯಾಗ ಮಂದಿ ಇದ್ರು. ಮಾಸ್ತರ ಬರ್ತಾರ, ಮನ್ಯಾಗ ಹಾಲಿಲ್ಲ, ಸಕ್ರಿ ಇಲ್ಲ. ಬರಿ ಬಾಯಿಲೆ ಹ್ಯಾಂಗ ಕಳಸಬೇಕ್ರಿ? ಮುದುಕಿ ಮೊಣಕಾಲು ಹೋಗ್ಯಾವ. ಚೀಟ್ಯಾಗ ಮೂರನೇ ಮಜಲಾ ಬಂತಂದ್ರ ದಿನಾ ನೀವು ಹೊತ್ಕೊಂಡು ಏರಸ್ತೀರೇನು?"

ನನಗೆ ನಾಚಿಕೆಯಾಯಿತು. ಚಹಾ ಕೊಡಬಲ್ಲವರ ಅಭಿಪ್ರಾಯವನ್ನೇ ಇಡೀ ಓಣಿಯ ಅಭಿಪ್ರಾಯವೆಂದು ಬರೆದುಕೊಂಡು ಬಂದಿದ್ದೆ. ಯಾರನ್ನು ಎಲ್ಲರಿಗಿಂತ ಮೊದಲು ಕೇಳಬೇಕಿತ್ತೋ ಅವರು ನನ್ನ ಚಪ್ಪಲಿಯ ಸಪ್ಪಳಕ್ಕೆ ಉಸಿರು ಬಿಗಿಹಿಡಿದು ಕೂತಿದ್ದರು.

ಶನಿವಾರ ಫಾರಂ ಒಪ್ಪಿಸಬೇಕು. ಮತ್ತೆ ಹೋದರೆ ಮತ್ತೆ ಬಾಗಿಲು ಮುಚ್ಚುತ್ತದೆ. ಚಹಾ ಬೇಡವೆಂದರೆ, ಬಡವರ ಮನೆಯದು ಸೇರುವುದಿಲ್ಲವೇನೋ ಎಂದು ನೊಂದುಕೊಳ್ಳುತ್ತಾರೆ. ಕೊನೆಗೆ ಒಂದು ಸುಳ್ಳು ಹುಟ್ಟಿಸಿದೆ: ಪರರ ಮನೆಯಲ್ಲಿ ಚಹಾ ಮುಟ್ಟುವುದಿಲ್ಲವೆಂದು ಬೀರಪ್ಪನಿಗೆ ಹರಕೆ ಹೊತ್ತಿದ್ದೇನೆ. ನೀಲಮ್ಮನಿಗಷ್ಟೇ ಹೇಳಿದೆ, ಸಂಜೆಯೊಳಗೆ ಓಣಿಗೆಲ್ಲ ಮುಟ್ಟಿತು. ಅವಸರದಲ್ಲಿ ಎಷ್ಟು ದಿನದ ಹರಕೆ ಎಂದು ಹೇಳುವುದನ್ನು ಮಾತ್ರ ಮರೆತೆ.

ಮರುದಿನ ಹನ್ನೊಂದು ಬಾಗಿಲುಗಳೂ ತೆರೆದಿದ್ದವು. ಗಂಗವ್ವ ತನ್ನ ಒಂದೇ ಕುರಿಯನ್ನು ಪಕ್ಕಕ್ಕೆ ಕಟ್ಟಿಕೊಂಡು ಹೊಸ್ತಿಲ ಮೇಲೆ ಕೂತಿದ್ದಳು.

"ಮನಿ ಕಟ್ಟಿ ಕೊಡ್ತೀವಂದ್ರ ಯಾರು ಒಲ್ಲೆ ಅಂತಾರ್ರಿ? ಕಟ್ರಿ. ನನಗ ಕೆಳಗ ಕೊಡ್ರಿ, ಅಷ್ಟೇ. ಈ ಕುರಿ ಮ್ಯಾಲ ಏರತದ, ನಾ ಏರಂಗಿಲ್ಲ. ಆಮ್ಯಾಲ ಅದು ಮ್ಯಾಲ, ನಾ ಕೆಳಗ. ಮೇವು ಯಾರು ಹಾಕಬೇಕು?"

ಇದಕ್ಕೆ ಫಾರಂನಲ್ಲಿ ಚೌಕವಿರಲಿಲ್ಲ. ಹಿಂಬದಿಯಲ್ಲಿ ಬರೆದುಕೊಂಡೆ. ಕಣ್ಣು ಕಾಣದ ಒಬ್ಬ ಮುದುಕ, ನಲ್ಲಿ ಎಲ್ಲೇ ಇರಲಿ, ತಡಕಾಡಿದರೆ ಕೈಗೆ ಸಿಗುವಂತಿರಲಿ ಎಂದ. ಅದನ್ನೂ ಬರೆದೆ. ಆಮೇಲೆ ಚಹಾ ಕೊಟ್ಟ ಹದಿನೇಳು ಮನೆಗಳಿಗೂ ಮತ್ತೊಮ್ಮೆ ಹೋದೆ. ಉಪಚಾರದ ಗದ್ದಲವಿಲ್ಲದೆ ಕೂತಾಗ ಅವರೂ ತಲೆಯಾಡಿಸುವುದನ್ನು ಬಿಟ್ಟು ಬಾಯಿ ಬಿಟ್ಟರು. ಹಿಂಬದಿಯೂ ಸಾಲದಾಯಿತು.

ಸಾಹೇಬರು ನೋಡಿ ಹಣೆ ಹಣೆ ಬಡಿದುಕೊಂಡರು. ಆದರೆ ಓದಿದರು, ಅದು ಅವರ ದೊಡ್ಡತನ. ಕೆಳಗಿನ ಮನೆಗಳನ್ನು ಚೀಟಿಗೆ ಹಾಕದೆ ಮುದುಕರಿಗೆ, ಕೈಕಾಲು ಕಣ್ಣು ಸೋತವರಿಗೆ ಎತ್ತಿಡುವುದೆಂದು ಆದೇಶ ಬಂತು. ಕುರಿಯ ಬಗ್ಗೆ ಆದೇಶ ಏನನ್ನೂ ಹೇಳಲಿಲ್ಲ. ಬೇಡವೆಂದೂ ಹೇಳಲಿಲ್ಲ.

ಅದನ್ನು ತಿಳಿಸಲು ಓಡಿದೆ. ಗಂಗವ್ವ ಎರಡೂ ಕೈಯಲ್ಲಿ ನನ್ನ ಮುಖ ಸವರಿ ಲಟಿಕೆ ಮುರಿದಳು. ನನ್ನ ಕಣ್ಣು ತುಂಬಿತು. ಅಷ್ಟರಲ್ಲಿ ನೀಲಮ್ಮ ಒಳಗಿನಿಂದ ಹೊಗೆಯಾಡುವ ಚಹಾ ತಂದು ಎದುರಿಗಿಟ್ಟಳು.

"ಆಯಿ, ನನ್ನ ಹರಕಿ..." ಎಂದೆ.

"ಅದು ನಾ ಬಿಡಿಸೀನಿ. ಗುಡ್ಯಾಗ ಕಾಯಿ ಒಡಸೀನಿ, ಬೀರಪ್ಪನ ಪೂಜಾರಿ ಒಪ್ಯಾನ," ಎಂದಳು ಗಂಗವ್ವ.

"ನನಗ ಒಂದ್ ಮಾತು ಕೇಳಬೇಕಿತ್ತಲ್ಲ?"

"ಕೇಳ್ಲಿಕ್ಕೇ ಹೋದ ಐತವಾರ ನೀಲಮ್ಮಗ ನಿಮ್ಮನಿಗಿ ಕಳಸಿದ್ದೆ. ಬಾಗಲಾ ಹಾಕಿತ್ತಂತ. ಬಾಗಲಾ ಹಾಕಿದ್ರ ತಕರಾರಿಲ್ಲ ಅಂತಲ್ಲೇನ್ರಿ ನಿಮ್ಮ ಕಾಯ್ದಾ?"

ಆ ಐತವಾರ ನಾನು ಮನೆಯಲ್ಲೇ ಇದ್ದೆ. ಹೊರಗೆ ಚಪ್ಪಲಿಯ ಸಪ್ಪಳ ಕೇಳಿ, ಇನ್ನಾವುದೋ ಗಣತಿಗೆ ಕರೆಯಲು ಬಂದಿದ್ದಾರೆಂದು ಹೆದರಿ, ಚಿಲಕ ಹಾಕಿಕೊಂಡು ಮಂಚದ ಮೇಲೆ ಮಿಸುಕದೆ ಕೂತಿದ್ದೆ. ಅದನ್ನು ಅವರ ಮುಂದೆ ಹೇಳುವುದೆಲ್ಲಿ ಬಂತು? ಬಸಿ ಎತ್ತಿಕೊಂಡು ಚಹಾ ಕುಡಿದೆ.