ಮೊದಲ ಚಾರ್ಜಿಗೇ ಎದ್ದ ಲೋಹ

ಮಾವನವರ ಫೋನು ಬಂದಾಗ ಪುಡಿಯಣ್ಣನ ಬೀಕರು ಹೀಟರಿನ ಮೇಲೆ ಆಗಷ್ಟೇ ಬಿಸಿಯಾಗತೊಡಗಿತ್ತು.

ಪುಡಿಯಣ್ಣ ಎಂಬುದು ಪ್ರಯೋಗಾಲಯದವರು ಇಟ್ಟ ಹೆಸರು. ಜಲಜನಕವನ್ನು ಒಡಲಲ್ಲಿ ಹಿಡಿದಿಟ್ಟುಕೊಳ್ಳುವ ಒಂದು ಮಿಶ್ರಲೋಹವನ್ನು ಅರೆದು, ಪುಡಿ ಮಾಡಿ, ಬಿಲ್ಲೆ ಒತ್ತಿ, ಬ್ಯಾಟರಿಗೆ ಎಲೆಕ್ಟ್ರೋಡ್ ಮಾಡುವುದರಲ್ಲೇ ಅವನ ಮೂರು ವರ್ಷ ಕಳೆದಿತ್ತು. ಅಂಗಿಯ ತೋಳಿನಿಂದ ಕಿವಿಯ ತನಕ ಕಪ್ಪು. ಲೋಹ ಮಾತ್ರ ಮಹಾ ಸೋಮಾರಿ. ಮೈಮೇಲೆ ತುಕ್ಕಿನ ತೆಳು ಪೊರೆ ಹೊದ್ದು ಮಲಗಿಬಿಡುತ್ತಿತ್ತು. ಹತ್ತು ಸಲ ಚಾರ್ಜ್ ಮಾಡಿದ ಮೇಲೆ, ಮಾವನ ಮನೆಗೆ ಬಂದ ಹೊಸ ಅಳಿಯನ ಹಾಗೆ, ನಿಧಾನವಾಗಿ ಕಣ್ಣು ಬಿಡುತ್ತಿತ್ತು. ಅದನ್ನು ಮೊದಲ ಚಾರ್ಜಿಗೇ ಎಬ್ಬಿಸಬೇಕೆಂಬುದು ಪುಡಿಯಣ್ಣನ ಹಟ. ಇವತ್ತೂ ಏಳದಿದ್ದರೆ ಯೋಜನೆಗೆ ಬೀಗ ಎಂದು ನಿರ್ದೇಶಕರು ಹೇಳಿಯಾಗಿತ್ತು. ಅದಕ್ಕೇ ಪೊರೆ ಕಳಚಲೆಂದು ಪುಡಿಯನ್ನು ಬಿಸಿ ಕ್ಷಾರದ್ರಾವಣದಲ್ಲಿ ಹಾಕಿಟ್ಟಿದ್ದ. ಅರವತ್ತು ಡಿಗ್ರಿ, ಹತ್ತೇ ನಿಮಿಷ.

"ಅಕ್ಕಾ, ಐದು ನಿಮಿಷ ನೋಡ್ಕೊಳ್ಳಿ. ಮುಟ್ಬೇಡಿ, ನೋಡಿ ಅಷ್ಟೆ," ಎಂದು ಪಕ್ಕದ ಮೇಜಿನ ಅಕ್ಕನಿಗೆ ಹೇಳಿ, ಸಿಗ್ನಲ್ ಸಿಗುವ ಕಾರಿಡಾರಿನ ತುದಿಗೆ ಓಡಿದ.

ಮಾವನವರು ಹಲ್ಲಿನ ಡಾಕ್ಟರ ಬಳಿ ಸರದಿ ಕಾಯುತ್ತಿದ್ದರು. "ಇಲ್ಲೊಬ್ರು ನಿಮ್ಮ ಅಳಿಯ ಏನ್ಮಾಡ್ತಾರೆ ಅಂತ ಕೇಳ್ತಿದ್ದಾರಪ್ಪ. ಬ್ಯಾಟರಿ ಅಂಗಡಿ ಅಂದೆ. ಸರಿ ತಾನೆ?"

ಪುಡಿಯಣ್ಣನ ಸ್ವಾಭಿಮಾನ ಭುಗಿಲೆಂದಿತು. ಪರಮಾಣುವಿನಿಂದಲೇ ಶುರುಮಾಡಿದ. ಜಲಜನಕ ಲೋಹದ ಸಂದಿಗಳಲ್ಲಿ ಹೇಗೆ ನುಸುಳುತ್ತದೆ, ಹೇಗೆ ಹೊರಬರುತ್ತದೆ ಎಂದು ನಲವತ್ತು ನಿಮಿಷ ಬಿಡಿಸಿ ಬಿಡಿಸಿ ಹೇಳಿದ.

"ಗೊತ್ತಾಯ್ತು ಬಿಡಪ್ಪ," ಎಂದರು ಮಾವ. "ಅಂಗಡಿ ಇನ್ನೂ ತೆಗೆದಿಲ್ಲ ಅನ್ನು." ಫೋನಿಟ್ಟರು.

ಗಡಿಯಾರ ನೋಡಿ ವಾಪಸು ಓಡಿದರೆ, ಬೀಕರಿನ ಸುತ್ತ ಮೂವರು ನಿಂತಿದ್ದರು.

"ಕುದೀತಾನೇ ಇರ್ಲಿಲ್ಲ ಕಣೋ, ಉರಿ ಜಾಸ್ತಿ ಮಾಡ್ದೆ," ಎಂದಳು ಅಕ್ಕ.

"ನೀರು ಇಂಗೋಗಿತ್ತು. ಒಂದು ಲೋಟ ಹಾಕ್ದೆ. ಆಮೇಲೆ ತೀರಾ ತೆಳುವಾಯ್ತು ಅಂತ ಎರಡು ಚಮಚ ಕ್ಷಾರಾನೂ ಹಾಕ್ದೆ," ಎಂದರು ಸ್ಟೋರಿನ ಯಜಮಾನರು.

ಟೈಪಿಸ್ಟರು ಗಾಜಿನ ಕಡ್ಡಿ ಹಿಡಿದು ಕದಡುತ್ತಲೇ ಇದ್ದರು. "ತಳ ಹಿಡೀಬಾರ್ದು ನೋಡಿ."

"ಎಷ್ಟು ಡಿಗ್ರಿ? ಎಷ್ಟು ಗ್ರಾಂ?" ಪುಡಿಯಣ್ಣನಿಗೆ ಅಳುವೇ ಬಂತು.

"ಕಣ್ಣಂದಾಜು," ಎಂದರು ಮೂವರೂ ಒಟ್ಟಿಗೆ.

ಹೊಸ ಪುಡಿ ಅರೆಯಲು ಹೊತ್ತಿರಲಿಲ್ಲ. ಅದನ್ನೇ ತೊಳೆದು, ಒಣಗಿಸಿ, ಬಿಲ್ಲೆ ಒತ್ತಿ, ಚಾರ್ಜಿಗೆ ಹಾಕಿದ. ಸಂಜೆಯ ಹೊತ್ತಿಗೆ ನಿರ್ದೇಶಕರು ಬಂದು ಕುರ್ಚಿಯ ಹಿಂದೆ ನಿಂತರು. ಪುಡಿಯಣ್ಣ ಕಂಪ್ಯೂಟರಿನ ಪರದೆ ನೋಡಲಾರದೆ ಕೀಲಿಮಣೆ ನೋಡುತ್ತ ಕೂತ.

ಚಾರ್ಜು ಮುಗಿದು ಬಿಲ್ಲೆ ವಿದ್ಯುತ್ತನ್ನು ವಾಪಸು ಕೊಡತೊಡಗಿದಾಗ, ಪರದೆಯ ಮೇಲಿನ ವೋಲ್ಟೇಜಿನ ಗೆರೆ ಎಂದಿನಂತೆ ಜಾರುಬಂಡೆಯಲ್ಲಿ ಜಾರಿದ ಹಾಗೆ ಇಳಿಯಲಿಲ್ಲ. ಮಟ್ಟಸವಾಗಿ ಹೋಯಿತು, ಹೋಗುತ್ತಲೇ ಇತ್ತು. ಜೊತೆಗೇ ಚಾರ್ಜಿಗೆ ಹಾಕಿದ್ದ ಎರಡನೆಯ ಬಿಲ್ಲೆಯದೂ ಅದೇ ಕತೆ. ಲೋಹ ಮೊದಲ ಚಾರ್ಜಿಗೇ ಎದ್ದು ಕೂತಿತ್ತು!

"ಭೇಷ್! ಹೇಗ್ರೀ ಮಾಡಿದ್ರಿ?"

ಒಂದು ದೊಡ್ಡ ಸುಳ್ಳು ಪುಡಿಯಣ್ಣನ ನಾಲಿಗೆಯ ತುದಿಗೆ ಬಂತು. ಬಾಗಿಲಲ್ಲಿ ಆ ಮೂವರು, ತಮ್ಮದೇ ಮಗು ಬಹುಮಾನ ಗೆದ್ದಿತೆಂಬಂತೆ ಹಲ್ಲು ಕಿರಿಯುತ್ತಿದ್ದರು. ಅವನಿಗೆ ಮನಸ್ಸು ಬರಲಿಲ್ಲ. ಇದ್ದದ್ದನ್ನು ಇದ್ದ ಹಾಗೇ ಹೇಳಿಬಿಟ್ಟ.

ನಿರ್ದೇಶಕರು ಗಡ್ಡ ಕೆರೆದುಕೊಂಡರು. "ಯೋಜನೆ ಮುಂದುವರೀಲಿ. ಆದ್ರೆ ಯಾವುದರಿಂದ ಆಯ್ತು ಅಂತ ಗೊತ್ತಿಲ್ಲ ಅಂದ್ಮೇಲೆ, ಏನನ್ನೂ ಬದಲಾಯಿಸೋ ಹಾಗಿಲ್ಲ. ನಾಳೆ ಇದೇ ಅಕ್ಕ, ಇದೇ ಯಜಮಾನರು, ಇದೇ ಟೈಪಿಸ್ಟು."

"ನಾನು, ಸಾರ್?"

"ಲೋಹ ಬೇಯೋವಾಗ ನೀವೆಲ್ಲಿದ್ರಿ?"

"ಹೊರಗೆ..."

"ಮತ್ತೆ?"

ಮರುದಿನ ಬೆಳಿಗ್ಗೆ ಪುಡಿಯಣ್ಣ ಮುಚ್ಚಿದ ಬಾಗಿಲಿಗೆ ಕಿವಿ ಹಚ್ಚಿ ನಿಂತಿದ್ದ. ಒಳಗೆ ಕಡ್ಡಿಯ ಕಿಣಿಕಿಣಿ, ನಗು. ತಡೆಯಲಾರದೆ ಬಾಗಿಲು ಬಡಿದ. "ಅಕ್ಕಾ, ಡಿಗ್ರಿ ಆದ್ರೂ ಬರ್ಕೊಳ್ಳಿ!"

ಬಾಗಿಲು ನಾಲ್ಕು ಬೆರಳಷ್ಟು ತೆರೆಯಿತು.

"ಒಳಗೆ ಬರ್ಬೇಡ್ವೋ ಪುಡಿಯಣ್ಣ," ಎಂದಳು ಅಕ್ಕ ಅಕ್ಕರೆಯಿಂದ, "ಹದ ಕೆಡತ್ತೆ."